ಹಸಿರು ಪಾಚಿಯ ಬೆಳಕಿನ ಬಾಗಿಲು: ಮೊದ್ಲು ಕಣ್ಣಾರೆ ನೋಡಿ, ಆಮೇಲೆ ಅರ್ಥ ಮಾಡ್ಕೊಳ್ಳೋದು ಹೇಗೆ

ಬೆಳಕು ಬಿದ್ರೆ ಬಾಗಿಲಿನ ಹಾಗೆ ತೆರ್ಕೊಳ್ಳೋ ಚಾನೆಲ್‌ರೊಡಾಪ್ಸಿನ್ ಅನ್ನೋ ಪ್ರೋಟೀನ್ ಬಗ್ಗೆ ಓದಕ್ಕೆ ಕೂತ್ರೆ ಮೊದಲ ಪುಟದಲ್ಲೇ ಏಳು ಸುರುಳಿ, ರೆಟಿನಲ್, ಫೋಟೋಸೈಕಲ್ ಅಂತ ಚಿತ್ರಗಳು ಎದುರಾಗ್ತವೆ, ಎಷ್ಟೋ ಜನ ಅಲ್ಲೇ ಪುಸ್ತಕ ಮುಚ್ಚಿಡ್ತಾರೆ. ನನ್ ಪ್ರಕಾರ ಅದು ಉಲ್ಟಾ ದಾರಿ. ಮೊದ್ಲು ಆ ಪ್ರೋಟೀನ್ ಕೆಲಸ ಮಾಡೋದನ್ನ ನಮ್ಮ ಕಣ್ಣಲ್ಲಿ ನೋಡ್ಬೇಕು, ನೋಡಿದ್ಮೇಲೆ ಒಳಗಡೆ ಏನಾಗ್ತಿದೆ ಅಂತ ಕೆದಕ್ಬೇಕು. ನೋಡಕ್ಕೆ ಬೇಕಾಗಿರೋದು ಸ್ವಲ್ಪ ಹಸಿರು ನೀರು, ಕಪ್ಪು ಕಾಗದ, ಒಂದು ಎಲ್‌ಇಡಿ ಟಾರ್ಚ್, ಅರ್ಧ ಗಂಟೆ ತಾಳ್ಮೆ, ಅಷ್ಟೇ.

ಹಸಿರು ನೀರು ಅಂದ್ರೆ ಇಲ್ಲಿ ಕ್ಲಾಮಿಡೊಮೊನಾಸ್ ರೈನ್‌ಹಾರ್ಡ್ಟಿ ಅನ್ನೋ ಒಂಟಿ ಜೀವಕೋಶದ ಪಾಚಿ. ಒಂದೊಂದು ಕೋಶ ಸುಮಾರು 10 ಮೈಕ್ರೋಮೀಟರ್, ಅಂದ್ರೆ ಒಂದು ಮಿಲಿಮೀಟರ್ ಉದ್ದಕ್ಕೆ ನೂರು ಕೋಶ ಸಾಲಾಗಿ ನಿಲ್ತವೆ. ಮುಂದ್ಗಡೆ ಮೀಸೆ ಥರ ಎರಡು ಎಳೆ, ಪುಸ್ತಕದಲ್ಲಿ ಇದಕ್ಕೆ ಕಶಾಂಗ ಅಂತಾರೆ, ಅವೆರಡನ್ನೂ ನಾವು ಈಜೋವಾಗ ಕೈ ಬೀಸ್ತೀವಲ್ಲ ಹಾಗೆ ಸೆಕೆಂಡಿಗೆ ಸುಮಾರು 50 ಸಲ ಬೀಸ್ಕೊಂಡು ಹೋಗತ್ತೆ. ಕೋಶದ ಪಕ್ಕದಲ್ಲಿ ಒಂದು ಕಿತ್ತಳೆ ಬಣ್ಣದ ಚುಕ್ಕೆ ಇರತ್ತೆ, ಅದೇ ಕಣ್ಣುಚುಕ್ಕೆ. ಇವತ್ತಿನ ಕಥೆಯೆಲ್ಲಾ ಆ ಚುಕ್ಕೆ ಸುತ್ತಾನೇ.

ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲೋ ಈ ಪಾಚಿಯ ಕಲ್ಚರ್, ಅಂದ್ರೆ ದ್ರವದಲ್ಲಿ ಬೆಳೆಸಿದ ಪಾಚಿ, ಇಟ್ಕೊಂಡಿರೋ ಲ್ಯಾಬಲ್ಲೋ ಕೇಳಿದ್ರೆ ಕೊಡ್ತಾರೆ, ಕೇಳೋವಾಗ ತಳಿಯ ನಂಬರ್ ಕೂಡ ಕೇಳಿ ಬರ್ಕೊಳ್ಳಿ. ಇದು ಸಣ್ಣ ವಿಷಯ ಅನ್ಸತ್ತೆ ಆದ್ರೆ ಅಲ್ಲ. ಸಿಸಿ-125 ಅನ್ನೋ ತಳಿ ಸಾಮಾನ್ಯವಾಗಿ ಬೆಳಕಿನ ಕಡೆ ಬರತ್ತೆ, ಅದರ ಜೋಡಿ ತಳಿ ಸಿಸಿ-124 ಬೆಳಕಿಗೆ ಬೆನ್ನು ಹಾಕಿ ಹೋಗತ್ತೆ. ಎರಡಕ್ಕೂ ಬೆಳಕು ಕಾಣತ್ತೆ, ಕಂಡ ಮೇಲೆ ಯಾವ ಕಡೆ ತಿರುಗ್ಬೇಕು ಅನ್ನೋದ್ರಲ್ಲಿ ಮಾತ್ರ ವ್ಯತ್ಯಾಸ. ಗೊತ್ತಿಲ್ದೆ 124 ಇಟ್ಕೊಂಡು ಕೂತ್ರೆ ಪ್ರಯೋಗ ಫೇಲ್ ಆಯ್ತು ಅಂದ್ಕೊಳ್ತೀರಿ.

ಇನ್ನು ಕೆರೆ ನೀರು ತಂದು ಮಾಡ್ಬಹುದಾ ಅಂದ್ರೆ, ಮಾಡ್ಬಹುದು, ಆದ್ರೆ ಅದ್ರಲ್ಲಿ ಯೂಗ್ಲೀನಾ ಅನ್ನೋ ಇನ್ನೊಂದು ಒಂಟಿ ಕೋಶದ ಜೀವಿ ಸೇರ್ಕೊಂಡಿರೋ ಸಾಧ್ಯತೆ ಜಾಸ್ತಿ. ಅದೂ ಹಸಿರೇ, ಅದಕ್ಕೂ ಕೆಂಪು ಚುಕ್ಕೆ ಇದೆ, ಅದೂ ಬೆಳಕಿಗೆ ಓಡಿ ಬರತ್ತೆ, ಆದ್ರೆ ಅದರ ಒಳಗಿನ ಯಂತ್ರ ಪೂರ್ತಿ ಬೇರೆ. ಅಲ್ಲಿ ಬೆಳಕು ಬಿದ್ದಾಗ ಒಂದು ಎಂಜೈಮ್ ಚುರುಕಾಗತ್ತೆ, ಚಾನಲ್, ಅಂದ್ರೆ ಅಯಾನುಗಳು (ಚಾರ್ಜ್ ಇರೋ ಕಣಗಳು) ಕೋಶದ ಪೊರೆ ದಾಟೋ ಬಾಗಿಲು, ತೆರೆಯೋದಲ್ಲ. ಹಾಗಾಗಿ ಕೆರೆ ನೀರಲ್ಲಿ ಕಂಡಿದ್ದನ್ನೆಲ್ಲಾ ಚಾನೆಲ್‌ರೊಡಾಪ್ಸಿನ್ ಲೆಕ್ಕಕ್ಕೆ ಹಾಕ್ಬೇಡಿ.

ಈಗ ಸೆಟಪ್. ಚಪ್ಪಟೆ ಪಾರದರ್ಶಕ ಪಾತ್ರೆ, ಪೆಟ್ರಿ ಡಿಶ್ ಇದ್ರೆ ಒಳ್ಳೇದು, ಅದಕ್ಕೆ ಅರ್ಧ ಸೆಂಟಿಮೀಟರ್ ಎತ್ತರಕ್ಕೆ ಕಲ್ಚರ್ ಹಾಕಿ. ಸುತ್ತ ಕಪ್ಪು ಕಾಗದ ಸುತ್ತಿ, ಒಂದು ಪಕ್ಕದಲ್ಲಿ ಮಾತ್ರ ಬೆರಳಗಲದ ಸೀಳು ಬಿಡಿ. ಆ ಸೀಳಿನ ಎದುರು ಒಂದಡಿ ದೂರದಲ್ಲಿ ಟಾರ್ಚ್ ಇಡಿ, ಮೇಲಿಂದ ಅಲ್ಲ, ಪಕ್ಕದಿಂದ ಬೆಳಕು ಬರ್ಬೇಕು. ಮೇಲ್ಗಡೆನೂ ಮುಚ್ಚಿ. ಹದಿನೈದು ನಿಮಿಷ ಬಿಟ್ಟು ಮುಚ್ಚಳ ತೆಗೆದು ನೋಡಿ, ಆರೋಗ್ಯವಾಗಿರೋ ಕಲ್ಚರ್ ಆದ್ರೆ ಸೀಳಿನ ಹತ್ರ ಗಾಢ ಹಸಿರು ಪಟ್ಟಿ ಕಟ್ಕೊಂಡಿರತ್ತೆ, ಉಳಿದ ಕಡೆ ನೀರು ತಿಳಿಯಾಗಿರತ್ತೆ. ಟಾರ್ಚನ್ನ ಎದುರು ಬದಿಗೆ ಇಟ್ರೆ ಅದೇ ಪಟ್ಟಿ ಕರಗಿ ಈ ಕಡೆ ಬಂದು ಕಟ್ಕೊಳ್ಳತ್ತೆ. ಲಕ್ಷಾಂತರ ಜೀವಗಳು ಒಟ್ಟಿಗೆ ನಿರ್ಧಾರ ಮಾಡ್ದಂಗೆ ಕಾಣತ್ತೆ, ಎಷ್ಟು ಸಲ ನೋಡಿದ್ರೂ ನನಗೆ ಬೇಜಾರಾಗಿಲ್ಲ.

ನನಗೆ ಮೊದಲ ಮೂರು ಸಲ ಏನೂ ಬರ್ಲಿಲ್ಲ. ಮೊದಲನೇ ಸಲ ಅಗಾರ್ ಪ್ಲೇಟಿಂದ ಕೆರೆದು ತಂದ ಕೋಶಗಳನ್ನ ನೇರ ನೀರಿಗೆ ಹಾಕಿದ್ದೆ, ಪ್ಲೇಟ್ ಮೇಲೆ ಬೆಳೆದ ಕೋಶಗಳು ಈಜೋ ಸ್ಥಿತಿಯಲ್ಲಿ ಇರೋದಿಲ್ಲ, ದ್ರವದಲ್ಲಿ ಬೆಳಕಲ್ಲಿ ಕೆಲವು ಗಂಟೆ ಬಿಟ್ಟ ಮೇಲೇನೇ ಈಜಕ್ಕೆ ಶುರು ಮಾಡೋದು. ಎರಡನೇ ಸಲ ಪಾತ್ರೆಯಲ್ಲಿ ಹುಳಿ ಅಂಶ ಉಳಿದಿತ್ತು ಅಂತ ಆಮೇಲೆ ಗೊತ್ತಾಯ್ತು, ಅಸಿಟಿಕ್ ಆಸಿಡ್ ತಾಗಿದ್ರೆ ಇವು ಮೀಸೆನೇ ಉದುರಿಸ್ಬಿಡ್ತವೆ, ಮತ್ತೆ ಬೆಳೆಸ್ಕೊಳ್ಳಕ್ಕೆ ಒಂದೂವರೆ ಎರಡು ಗಂಟೆ ಬೇಕು. ಮೂರನೇ ಸಲ ಟಾರ್ಚ್ ತೀರಾ ಹತ್ರ ಇಟ್ಟಿದ್ದೆ, ಬೆಳಕು ವಿಪರೀತ ಆದಾಗ ಬೆಳಕಿಗೆ ಬರೋ ತಳಿನೂ ತಿರುಗಿ ಓಡತ್ತೆ. ಪಟ್ಟಿ ಹಿಂದಿನ ಗೋಡೆಗೆ ಅಂಟ್ಕೊಂಡಿತ್ತು, ನಾನು ಅದನ್ನ ನೋಡ್ಲೇ ಇಲ್ಲ. ಹಾಗಾಗಿ ಮುಚ್ಚಳ ತೆಗೆದಾಗ ಎರಡೂ ಬದಿ ನೋಡಿ.

ಈಗ ಮುಖ್ಯ ಪರೀಕ್ಷೆ, ಇದನ್ನ ಮಾತ್ರ ಬಿಡ್ಬೇಡಿ. ಟಾರ್ಚಿಗೆ ಬದಲು ಒಂದ್ಸಲ ನೀಲಿ ಎಲ್‌ಇಡಿ, ಒಂದ್ಸಲ ನೀಲಿ-ಹಸಿರು, ಒಂದ್ಸಲ ಕೆಂಪು ಎಲ್‌ಇಡಿ ಇಟ್ಟು ನೋಡಿ. ನೀಲಿಗೂ ನೀಲಿ-ಹಸಿರಿಗೂ ಬರ್ತವೆ. ಕೆಂಪಿಗೆ ಬರಲ್ಲ, ಚೆಲ್ಲಾಪಿಲ್ಲಿಯಾಗಿ ಈಜ್ಕೊಂಡಿರ್ತವೆ. ಇಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡಿ. ಪಾಚಿ ಊಟ ಮಾಡೋದು ಕ್ಲೋರೋಫಿಲ್ ಇಂದ, ಕ್ಲೋರೋಫಿಲ್‌ಗೆ ಕೆಂಪು ಬೆಳಕು ಅಂದ್ರೆ ಬಹಳ ಇಷ್ಟ, ಹಸಿರು ಬೆಳಕು ಬೇಡ. ಊಟ ಕೊಡೋ ಅಣುನೇ ದಾರಿನೂ ತೋರಿಸ್ತಿದ್ರೆ ಕೆಂಪು ಬೆಳಕಿನ ಹತ್ರ ಮೊದ್ಲು ಗುಂಪು ಸೇರ್ಬೇಕಿತ್ತು. ಸೇರ್ಲಿಲ್ಲ ಅಂದ್ರೆ ನೋಡೋ ಅಣು ಬೇರೆ, ಉಣ್ಣೋ ಅಣು ಬೇರೆ. ಈ ನೋಡೋ ಅಣು ನಮ್ಮ ಕಣ್ಣಲ್ಲಿರೋ ರೊಡಾಪ್ಸಿನ್ ಜಾತಿದು ಅಂತ 1984ರಲ್ಲಿ ಫಾಸ್ಟರ್ ಮತ್ತು ಜೊತೆಗಾರರು ತೋರಿಸಿದ್ರು. ಜೀನ್ ಕೆಟ್ಟು ಬೆಳಕನ್ನ ಗುರುತಿಸಲಾಗದ ಒಂದು ಮ್ಯೂಟೆಂಟ್ ಪಾಚಿಗೆ ರೆಟಿನಲ್ ಕೊಟ್ರು, ಅದಕ್ಕೆ ದೃಷ್ಟಿ ವಾಪಸ್ ಬಂತು. ರೆಟಿನಲ್ ಅಂದ್ರೆ ವಿಟಮಿನ್ ಎ ಮನೆತನದ್ದೇ ಒಂದು ಅಣು.

ಆಮೇಲೆ 2002ರಲ್ಲಿ ಗೇಯೋರ್ಗ್ ನಾಗೆಲ್, ಎರ್ನ್ಸ್ಟ್ ಬಾಂಬೆರ್ಗ್, ಪೇಟರ್ ಹೇಗೆಮನ್ ಇವರೆಲ್ಲಾ ಸೇರಿ ಈ ಪಾಚಿಯ ಒಂದು ಜೀನನ್ನ ಆಫ್ರಿಕದ ಜೆನೋಪಸ್ ಕಪ್ಪೆಯ ಮೊಟ್ಟೆಕೋಶಕ್ಕೆ ಸೇರಿಸಿ ಬೆಳಕು ಬಿಟ್ರು. ಮೊಟ್ಟೆಕೋಶಕ್ಕೆ ಬೆಳಕಿನ ಗಂಧಗಾಳಿನೂ ಇಲ್ಲ, ಆದ್ರೂ ಬೆಳಕು ಬಿದ್ದ ತಕ್ಷಣ ಪೊರೆಯಲ್ಲಿ ಕರೆಂಟ್ ಹರೀತು. ಅದು ಚಾನೆಲ್‌ರೊಡಾಪ್ಸಿನ್-1. ಮುಂದಿನ ವರ್ಷ, 2003ರಲ್ಲಿ ಚಾನೆಲ್‌ರೊಡಾಪ್ಸಿನ್-2 ಬಂತು. ಈ ಪ್ರಯೋಗದಿಂದ ತಿಳಿದಿದ್ದು ಏನಂದ್ರೆ ಬೆಳಕು ಹಿಡಿಯೋದೂ ಬಾಗಿಲು ತೆಗೆಯೋದೂ ಒಂದೇ ಅಣು, ಮಧ್ಯದಲ್ಲಿ ಬ್ರೋಕರ್ ಇಲ್ಲ. ಇದೊಂದು ಮಾತು ತಲೇಲಿ ಗಟ್ಟಿಯಾಗಿ ಕೂತ್ರೆ ಮುಂದಿಂದೆಲ್ಲಾ ತಾನಾಗೇ ಬಿಡಿಸ್ಕೊಳ್ಳತ್ತೆ.

ನಮ್ಮ ಕಣ್ಣಿನ ಜೊತೆ ಹೋಲಿಸಿ ನೋಡಿ. ನಮ್ಮ ರೊಡಾಪ್ಸಿನ್ ಬೆಳಕು ಹಿಡಿದು ಜಿ-ಪ್ರೋಟೀನ್ ಅನ್ನೋ ಇನ್ನೊಂದು ಪ್ರೋಟೀನ್‌ಗೆ ಹೇಳತ್ತೆ, ಅದು ಒಂದು ಎಂಜೈಮ್‌ಗೆ ಹೇಳತ್ತೆ, ಆ ಎಂಜೈಮ್ ಕೋಶದೊಳಗಿನ ಒಂದು ಸಣ್ಣ ಅಣುವನ್ನ ಕತ್ತರಿಸತ್ತೆ, ಆ ಅಣು ಕಡಿಮೆ ಆದಾಗ ಎಲ್ಲೋ ದೂರದಲ್ಲಿರೋ ಚಾನಲ್‌ಗಳು ಮುಚ್ಕೊಳ್ತವೆ. ಪ್ರತಿ ಹಂತದಲ್ಲೂ ಸುದ್ದಿ ದೊಡ್ಡದಾಗ್ತಾ ಹೋಗತ್ತೆ, ಹಾಗಾಗಿ ಒಂದೇ ಒಂದು ಫೋಟಾನ್, ಅಂದ್ರೆ ಬೆಳಕಿನ ಒಂದು ಕಣ, ಬಿದ್ರೂ ನಮ್ಮ ರಾಡ್ ಕೋಶಕ್ಕೆ ಗೊತ್ತಾಗತ್ತೆ, ಆದ್ರೆ ನಿಧಾನ. ಪಾಚಿದು ತದ್ವಿರುದ್ಧ, ತಕ್ಷಣ ತೆರೆಯತ್ತೆ, ಆದ್ರೆ ದೊಡ್ಡದು ಮಾಡೋರು ಯಾರೂ ಇಲ್ಲ, ಒಂದು ಫೋಟಾನ್‌ಗೆ ಒಂದು ಬಾಗಿಲು.

ಬಾಗಿಲು ಹೇಗೆ ತೆರೆಯತ್ತೆ ಅಂತ ಹತ್ರದಿಂದ ನೋಡೋಣ. ಚಾನೆಲ್‌ರೊಡಾಪ್ಸಿನ್-2 ಒಟ್ಟು 737 ಅಮೈನೋ ಆಸಿಡ್‌ಗಳ ಸರಪಳಿ, ಆದ್ರೆ ಚಾನಲ್ ಕೆಲಸಕ್ಕೆ ಮುಂದಿನ 300 ಚಿಲ್ಲರೆ ಸಾಕು. ಈ ಭಾಗ ಪೊರೆಯನ್ನ ಏಳು ಸಲ ದಾಟಿ ಏಳು ಸುರುಳಿ ಕಂಬ ನಿಲ್ಲಿಸಿರತ್ತೆ. ಏಳನೇ ಕಂಬದಲ್ಲಿ 257ನೇ ಜಾಗದಲ್ಲಿರೋ ಲೈಸಿನ್‌ಗೆ ರೆಟಿನಲ್ ಅಂಟ್ಕೊಂಡಿರತ್ತೆ. ಕತ್ತಲಲ್ಲಿ ರೆಟಿನಲ್ ನೆಟ್ಟಗೆ ಕಡ್ಡಿ ಥರ ಇರತ್ತೆ. 470 ನ್ಯಾನೋಮೀಟರ್ ಹತ್ತಿರದ ನೀಲಿ ಫೋಟಾನ್ ಬಂದು ಬಿದ್ರೆ ಅದರ 13ನೇ ಕಾರ್ಬನ್ ಹತ್ರ ತಿರುವಿಕೊಂಡು ಸೊಟ್ಟ ಆಗತ್ತೆ, ಈ ತಿರುವಿಗೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲೂ ಬೇಕಾಗಲ್ಲ. ಇಕ್ಕಟ್ಟಾದ ಗೂಡಿನೊಳಗೆ ಕಡ್ಡಿ ಸೊಟ್ಟ ಆದ್ರೆ ಸುತ್ತ ಇರೋರು ಸರ್ಕೊಳ್ಳಲೇ ಬೇಕಲ್ಲ, ಕಂಬಗಳು ಒಂಚೂರು ವಾಲ್ತವೆ, ಮುಚ್ಕೊಂಡಿದ್ದ ಸಂದಿಯಲ್ಲಿ ನೀರು ನುಗ್ಗತ್ತೆ, ನೀರಿನ ದಾರಿ ಈ ಕಡೆಯಿಂದ ಆ ಕಡೆಗೆ ಸೇರಿದ ಕ್ಷಣ ಅಯಾನುಗಳು ಹರಿಯಕ್ಕೆ ಶುರು. ಇಷ್ಟೆಲ್ಲಾ ಆಗಕ್ಕೆ ಒಂದು ಮಿಲಿಸೆಕೆಂಡೂ ಹಿಡಿಯಲ್ಲ. ಬೆಳಕು ನಿಂತ ಮೇಲೆ ಸುಮಾರು 10 ಮಿಲಿಸೆಕೆಂಡಲ್ಲಿ ಬಹುಪಾಲು ಬಾಗಿಲು ಮುಚ್ಕೊಳ್ತವೆ. ನಮ್ಮ ಕಣ್ಣಲ್ಲಿ ಸೊಟ್ಟಗಿದ್ದ ರೆಟಿನಲ್ ನೆಟ್ಟಗಾಗಿ ಕಳಚ್ಕೊಂಡು ಹೋಗತ್ತೆ, ಅದನ್ನ ಬೇರೆ ಕಡೆ ರಿಪೇರಿ ಮಾಡಿ ತರ್ಬೇಕು. ಪಾಚಿಯಲ್ಲಿ ರೆಟಿನಲ್ ಜಾಗ ಬಿಟ್ಟು ಕದಲಲ್ಲ, ಅಲ್ಲೇ ತಾನಾಗೇ ನೆಟ್ಟಗಾಗಿ ಮುಂದಿನ ಫೋಟಾನ್‌ಗೆ ರೆಡಿ.

ಜಪಾನಿನ ಒಸಾಮು ನುರೆಕಿ ತಂಡ 2012ರಲ್ಲಿ ಇದರ ಹರಳು ಮಾಡಿ ಎಕ್ಸ್-ರೇ ಹಾಯಿಸಿ 2.3 ಆಂಗ್‌ಸ್ಟ್ರಾಮ್ ಸೂಕ್ಷ್ಮದಲ್ಲಿ ಆಕಾರ ತೆಗೆದ್ರು, 1 ಮತ್ತು 2 ಎರಡನ್ನೂ ಬೆಸೆದ ಪ್ರೋಟೀನ್ ಅದು. ದಾರಿಯ ಗೋಡೆಯಲ್ಲಿ ನೆಗೆಟಿವ್ ಚಾರ್ಜ್ ಇರೋ ಗ್ಲುಟಮೇಟ್ ಅನ್ನೋ ಅಮೈನೋ ಆಸಿಡ್‌ಗಳು ಸಾಲಾಗಿ ಕೂತಿವೆ, ಹಾಗಾಗಿ ಪಾಸಿಟಿವ್ ಅಯಾನುಗಳಿಗೆ ಮಾತ್ರ ಪ್ರವೇಶ. ಸೋಡಿಯಂ, ಪೊಟ್ಯಾಸಿಯಂ, ಸ್ವಲ್ಪ ಕ್ಯಾಲ್ಸಿಯಂ, ಎಲ್ಲಕ್ಕಿಂತ ಸಲೀಸಾಗಿ ಪ್ರೋಟಾನ್.

ಇಷ್ಟು ಗೊತ್ತಾದ ಮೇಲೆ ಮತ್ತೆ ಡಿಶ್ ಹತ್ರ ಬನ್ನಿ. ಒಂದು ಕೋಶಕ್ಕೆ ಬೆಳಕು ಯಾವ ಕಡೆ ಇದೆ ಅಂತ ಹೇಗೆ ಗೊತ್ತಾಗತ್ತೆ? ಕಿತ್ತಳೆ ಚುಕ್ಕೆ ಬೆಳಕನ್ನ ನೋಡಲ್ಲ, ಅದು ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ವಸ್ತು ತುಂಬಿದ ಕಣಗಳ ಪದರಗಳು, ಕನ್ನಡಿ ಥರ ಮತ್ತು ಪರದೆ ಥರ ಕೆಲಸ ಮಾಡತ್ತೆ. ಚಾನೆಲ್‌ರೊಡಾಪ್ಸಿನ್‌ಗಳು ಅದರ ಮೇಲಿನ ಪೊರೆಯಲ್ಲಿ ಒತ್ತೊತ್ತಾಗಿ ಕೂತಿರ್ತವೆ. ಹೊರಗಿಂದ ಬಂದ ಬೆಳಕು ಹೋಗ್ತಾ ಒಂದ್ಸಲ, ಕನ್ನಡಿಗೆ ಬಡಿದು ವಾಪಸ್ ಬರ್ತಾ ಒಂದ್ಸಲ ಅವುಗಳ ಮೇಲೆ ಬೀಳತ್ತೆ. ಹಿಂದಿಂದ, ಅಂದ್ರೆ ಕೋಶದ ಒಳಗಿಂದ ಬರೋ ಬೆಳಕಿಗೆ ಅದೇ ಚುಕ್ಕೆ ಅಡ್ಡ ನಿಲ್ಲತ್ತೆ. ಇನ್ನು ಕೋಶ ಈಜೋವಾಗ ತನ್ನ ಸುತ್ತ ತಾನು ಸೆಕೆಂಡಿಗೆ ಒಂದೆರಡು ಸುತ್ತು ತಿರುಗ್ತಾ ಹೋಗತ್ತಲ್ಲ, ಬೆಳಕು ಪಕ್ಕದಲ್ಲಿದ್ರೆ ಪ್ರತಿ ಸುತ್ತಿಗೂ ಚುಕ್ಕೆಗೆ ಬೆಳಕು, ನೆರಳು, ಬೆಳಕು, ನೆರಳು ಅಂತ ಮಿಣುಕತ್ತೆ. ಪ್ರತಿ ಮಿಣುಕಿಗೂ ಬಾಗಿಲು ತೆರೆದು ಕರೆಂಟ್ ಹರಿದು ಎರಡು ಮೀಸೆಗಳ ಬಡಿತದಲ್ಲಿ ಹೆಚ್ಚು ಕಡಿಮೆ ಆಗತ್ತೆ, ಕೋಶ ತಿರುಗತ್ತೆ. ನೇರ ಬೆಳಕಿನ ಕಡೆ ಮುಖ ಮಾಡಿದಾಗ ಮಿಣುಕೋದು ನಿಲ್ಲತ್ತೆ, ತಿರುಗೋದೂ ನಿಲ್ಲತ್ತೆ. ದಿಕ್ಕು ಹಿಡಿಯಕ್ಕೆ ಅದಕ್ಕೆ ಬಿಂಬ ಬೇಡ, ಮಿದುಳು ಬೇಡ, ಮಿಣುಕು ನಿಲ್ಲೋ ತನಕ ತಿರುಗಿದ್ರೆ ಆಯ್ತು. ಇಷ್ಟು ವೇಗವಾಗಿ ಮಿಣುಕನ್ನ ಹಿಡೀಬೇಕು ಅಂದ್ರೆ ಬ್ರೋಕರ್ ಇಲ್ಲದ ಬಾಗಿಲೇ ಸರಿ. ಪಾಚಿ ಈಜೋ ದ್ರವದಲ್ಲಿ ಕ್ಯಾಲ್ಸಿಯಂ ಇಲ್ದೆ ಹೋದ್ರೆ ಇದೆಲ್ಲಾ ಕೆಟ್ಟು ಹೋಗತ್ತೆ, ಪಟ್ಟಿ ಕಟ್ಟಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು ಪ್ರಯೋಗ ಮಾಡ್ಬೇಡಿ ಅನ್ನೋದು ಅದಕ್ಕೇ.

ಪಾಚಿಯ ಈ ಬಾಗಿಲು ನರವಿಜ್ಞಾನಿಗಳ ಕೈಗೆ ಹೋಗಿದ್ದು 2005ರಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ ಬೋಯ್ಡನ್, ಫೆಂಗ್ ಜಾಂಗ್, ಕಾರ್ಲ್ ಡೈಸೆರಾತ್, ಜೊತೆಗೆ ಬಾಂಬೆರ್ಗ್ ಮತ್ತು ನಾಗೆಲ್, ಚಾನೆಲ್‌ರೊಡಾಪ್ಸಿನ್-2ನ್ನ ನರಕೋಶಕ್ಕೆ ಸೇರಿಸಿ ನೀಲಿ ಬೆಳಕಿನ ಮಿಂಚಿಗೆ ಸರಿಯಾಗಿ ನರಕೋಶ ಮಿಡಿಯೋ ಹಾಗೆ ಮಾಡಿದ್ರು. ಸಸ್ತನಿಗಳ ಕೋಶದಲ್ಲಿ ರೆಟಿನಲ್ ಮೊದಲೇ ಸಾಕಷ್ಟಿರತ್ತೆ ಅನ್ನೋದು ಇಲ್ಲಿ ದೊಡ್ಡ ಅನುಕೂಲ ಆಯ್ತು, ಜೀನ್ ಒಂದನ್ನ ಕೊಟ್ರೆ ಸಾಕು. ಹಣ್ಣಿನ ನೊಣ, ಸಿ. ಎಲಿಗ್ಯಾನ್ಸ್ ಹುಳ ಇವುಗಳಲ್ಲಿ ಮಾಡೋರು ಮಾತ್ರ ರೆಟಿನಲ್ಲನ್ನ ಆಹಾರದಲ್ಲಿ ಬೆರೆಸಿ ಕೊಡ್ಬೇಕು, ಮರೆತ್ರೆ ಬಾಗಿಲಿದ್ರೂ ಹಿಡಿಕೆ ಇಲ್ಲದ ಹಾಗೆ.

ಈಗ ಒಂದು ಲೆಕ್ಕ ನೀವೇ ಮಾಡಿ ನೋಡಿ, ಪೇಪರ್ ಪೆನ್ನು ತಗೊಳ್ಳಿ. ಚಾನೆಲ್‌ರೊಡಾಪ್ಸಿನ್-2ರ ಒಂದು ಬಾಗಿಲಿನ ವಾಹಕತೆ, ಅಂದ್ರೆ ಕರೆಂಟನ್ನ ಎಷ್ಟು ಸಲೀಸಾಗಿ ಬಿಡತ್ತೆ ಅನ್ನೋ ಅಳತೆ, ಸುಮಾರು 40 ಫೆಮ್ಟೋಸೀಮೆನ್ಸ್, ನರಕೋಶದ ಸಾಮಾನ್ಯ ಚಾನಲ್‌ಗಳ ಮುಂದೆ ಇದು ನೂರಾರು ಪಟ್ಟು ಚಿಕ್ಕದು. ನರಕೋಶದ ಒಳಗೆ ಮೈನಸ್ 70 ಮಿಲಿವೋಲ್ಟ್ ಇದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 17,000 ಅಯಾನು ಒಳಗೆ ಬರ್ತವೆ. ಬಾಗಿಲು ತೆರೆದಿರೋದು 10 ಮಿಲಿಸೆಕೆಂಡ್, ಅಂದ್ರೆ ಒಂದು ಫೋಟಾನ್‌ಗೆ ಬರೋದು ಬರೀ 170 ಅಯಾನು. ನರಕೋಶ ಮಿಡೀಬೇಕಾದ್ರೆ ಸುಮಾರು 15 ಮಿಲಿವೋಲ್ಟ್ ಏರ್ಬೇಕು, ಕೋಶದ ಪೊರೆ ಚಾರ್ಜ್ ಹಿಡಿಯೋ ಸಾಮರ್ಥ್ಯ 100 ಪಿಕೋಫ್ಯಾರಡ್ ಅಂತ ಇಟ್ಕೊಂಡ್ರೆ 90 ಲಕ್ಷಕ್ಕೂ ಹೆಚ್ಚು ಅಯಾನು ಬೇಕು. ಭಾಗಿಸಿ ನೋಡಿ, 55,000 ಬಾಗಿಲುಗಳು ಹೆಚ್ಚು ಕಡಿಮೆ ಒಟ್ಟಿಗೆ ತೆರೀಬೇಕು. ಸೋರಿ ಹೋಗೋದನ್ನ ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದ್ರೆ ಇನ್ನೂ ಜಾಸ್ತಿ. ಅದಕ್ಕೇ ಈ ಪ್ರಯೋಗಗಳಲ್ಲಿ ವೈರಸ್ ಮೂಲಕ ಜೀನ್ ಕೊಟ್ಟು ಪ್ರೋಟೀನ್ ದಂಡಿಯಾಗಿ ತಯಾರಾಗ್ಲಿ ಅಂತ ವಾರಗಟ್ಟಲೆ ಕಾಯ್ತಾರೆ, ಅದಕ್ಕೇ ಬೆಳಕೂ ಜೋರಾಗಿ ಬೇಕು, ಚದರ ಮಿಲಿಮೀಟರಿಗೆ ಒಂದು ಮಿಲಿವ್ಯಾಟ್ ಆಸುಪಾಸು.

ಪೇಪರ್‌ಗಳಲ್ಲಿ ಬರೋ ಕರೆಂಟಿನ ಗ್ರಾಫ್ ಓದೋದು ಕಷ್ಟ ಇಲ್ಲ. ಒಳಗೆ ಬರೋ ಕರೆಂಟನ್ನ ಕೆಳಮುಖವಾಗಿ ಬರೀತಾರೆ. ಬೆಳಕು ಹಚ್ಚಿದ ಕೂಡ್ಲೇ ಗೆರೆ ಧಡಾರನೆ ಕೆಳಗೆ ಬಿದ್ದು, ಆಮೇಲೆ ಸ್ವಲ್ಪ ಮೇಲಕ್ಕೆ ಬಂದು ಒಂದು ಮಟ್ಟದಲ್ಲಿ ನಿಲ್ಲತ್ತೆ, ಬೆಳಕು ಆರಿಸಿದ್ರೆ ಸೊನ್ನೆಗೆ ವಾಪಸ್. ಮೊದಲ ಹೊಡೆತಕ್ಕೆ ಎಲ್ಲಾ ಅಣುಗಳೂ ತಾಜಾ ಇದ್ವು, ಆಮೇಲೆ ಕೆಲವು ಸುಸ್ತಾದ ಸ್ಥಿತಿಗೆ ಹೋದ್ವು, ಆ ವ್ಯತ್ಯಾಸನೇ ಈ ಮೆಟ್ಟಿಲು. ಕತ್ತಲಲ್ಲಿ ಕೆಲವು ಸೆಕೆಂಡು ಬಿಟ್ರೆ ಮಾತ್ರ ಮೊದಲಿನ ಆಳ ಮತ್ತೆ ಸಿಗತ್ತೆ. ಹಾಗಾಗಿ ಯಾರಾದ್ರೂ ಬೆಳಕಿನ ಮಿಂಚುಗಳನ್ನ ಒಂದರ ಹಿಂದೆ ಒಂದು ಕೊಟ್ಟು ಎರಡನೇದು ಚಿಕ್ಕದಾಯ್ತು ಅಂದ್ರೆ ಮೊದ್ಲು ಮಧ್ಯದ ಕತ್ತಲೆ ಎಷ್ಟಿತ್ತು ಅಂತ ನೋಡಿ. ಇನ್ನೊಂದು ನೋಡಬೇಕಾದ್ದು, ಚಾನಲ್ ಇಲ್ಲದ ಬರೀ ಹೊಳೆಯೋ ಪ್ರೋಟೀನ್ ಇರೋ ಪ್ರಾಣಿಗೂ ಅದೇ ಬೆಳಕು ಬಿಟ್ಟು ಹೋಲಿಸಿದ್ದಾರಾ ಅಂತ, ಯಾಕಂದ್ರೆ ಜೋರು ಬೆಳಕಿಂದ ಮಿದುಳು ಬಿಸಿ ಆದ್ರೂ ನರಕೋಶದ ನಡತೆ ಬದಲಾಗತ್ತೆ.

ಬಾಗಿಲಿನ ಸ್ವಭಾವನ ಬೇಕಾದ ಹಾಗೆ ತಿದ್ದಬಹುದು. 128ನೇ ಜಾಗದಲ್ಲಿರೋ ಸಿಸ್ಟೀನ್ ಅನ್ನೋ ಅಮೈನೋ ಆಸಿಡ್ ಬದಲಾಯಿಸಿದ್ರೆ ಒಂದು ಮಿಂಚಿಗೆ ತೆರೆದ ಬಾಗಿಲು ಎಷ್ಟೋ ಹೊತ್ತು ತೆರೆದೇ ಇರತ್ತೆ, ಮುಚ್ಚಕ್ಕೆ ಹಸಿರು-ಹಳದಿ ಬೆಳಕು ಬಿಡ್ಬೇಕು. 123ನೇದನ್ನ ಬದಲಾಯಿಸಿದ್ರೆ ಬೇಗ ಮುಚ್ಕೊಳ್ಳತ್ತೆ. ಕೆಂಪು ಬೆಳಕಿಗೆ ನಮ್ಮ ಡಿಶ್‌ನ ಪಾಚಿ ತಿರುಗಿನೂ ನೋಡ್ಲಿಲ್ವಲ್ಲ, ಅದರ ಸೋದರ ಸಂಬಂಧಿ ಕ್ಲಾಮಿಡೊಮೊನಾಸ್ ನೊಕ್ಟಿಗಾಮಾದಲ್ಲಿ 590 ನ್ಯಾನೋಮೀಟರ್ ಹತ್ರ ಚೆನ್ನಾಗಿ ಕೆಲಸ ಮಾಡೋ ಚಾನಲ್ ಸಿಕ್ತು, 2014ರಲ್ಲಿ ಕ್ರಿಮ್ಸನ್ ಅಂತ ಹೆಸರಿಟ್ಟು ಪ್ರಕಟಿಸಿದ್ರು. ಇದರದ್ದೇ ತಿದ್ದಿದ ರೂಪವನ್ನ, ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನೋ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳ್ಕೊಂಡಿದ್ದ 58 ವರ್ಷದ ಒಬ್ಬರ ಒಂದು ಕಣ್ಣಿಗೆ ವೈರಸ್ ಮೂಲಕ ಕೊಟ್ಟ ವರದಿ 2021ರಲ್ಲಿ ಬಂತು. ಜೋಸೆ-ಅಲೆನ್ ಸಾಹೆಲ್ ಮತ್ತು ಬೊಟೊಂಡ್ ರೊಸ್ಕಾ ಅವರ ತಂಡದ ಕೆಲಸ. ತಿಂಗಳುಗಟ್ಟಲೆ ಅಭ್ಯಾಸ ಆದ್ಮೇಲೆ ಅವರು ಮೇಜಿನ ಮೇಲಿದ್ದ ನೋಟ್‌ಬುಕ್ ಎಲ್ಲಿದೆ ಅಂತ ಗುರುತಿಸಿ ಮುಟ್ಟಿದ್ರು, ಆದ್ರೆ ವಿಶೇಷ ಕನ್ನಡಕ ಹಾಕ್ಕೊಂಡಾಗ ಮಾತ್ರ. ಆ ಕನ್ನಡಕ ಎದುರಿನ ದೃಶ್ಯನ ಕ್ಯಾಮೆರಾದಲ್ಲಿ ಹಿಡಿದು ಜೋರಾದ ಕಿತ್ತಳೆ ಬೆಳಕಾಗಿ ಕಣ್ಣೊಳಗೆ ಬಿಡತ್ತೆ. ಯಾಕೆ ಬೇಕು ಅಂತ ಮೇಲಿನ ಲೆಕ್ಕ ಮಾಡಿದವ್ರಿಗೆ ಗೊತ್ತಾಗತ್ತೆ, ಸುದ್ದಿನ ದೊಡ್ಡದು ಮಾಡೋ ಬ್ರೋಕರ್‌ಗಳು ಈ ದಾರಿಯಲ್ಲಿ ಇಲ್ಲ, ಆ ಕೆಲಸನ ಕನ್ನಡಕ ಮಾಡ್ಬೇಕು.

ಮೈಕ್ರೋಸ್ಕೋಪ್ ಸಿಕ್ಕಿದ್ರೆ ಕೊನೇದಾಗಿ ಇದನ್ನೂ ಮಾಡಿ. ಕೆಳಗಿನ ದೀಪಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿ, ಬೆಳಕು ಮಂದ ಮಾಡಿ, ಕೋಣೆ ಕತ್ತಲೆ ಮಾಡಿ. ಕೆಂಪು ಇವಕ್ಕೆ ಕಾಣಲ್ಲ ಅಂತ ಡಿಶ್‌ನಲ್ಲೇ ನೋಡಿದ್ರಲ್ಲ, ಹಾಗಾಗಿ ನೀವು ಅವನ್ನ ನೋಡ್ಬಹುದು, ಅವಕ್ಕೆ ಕತ್ತಲೇನೇ. ಎಲ್ಲಾ ತಮ್ಮ ಪಾಡಿಗೆ ಈಜ್ಕೊಂಡಿರೋವಾಗ ಕ್ಯಾಮೆರಾ ಫ್ಲ್ಯಾಶ್ ಒಂದ್ಸಲ ಹೊಡೀರಿ. ಕಣ್ಣು ಮಿಟುಕಿಸ್ಬೇಡಿ. ಕೋಶಗಳು ಗಕ್ಕನೆ ನಿಂತು, ಮೀಸೆನ ಮುಂದಕ್ಕೆ ಚಾಚಿ ಅರ್ಧ ಸೆಕೆಂಡಿನಷ್ಟು ಹೊತ್ತು ಹಿಂದಕ್ಕೆ ಈಜಿ, ಆಮೇಲೆ ಬೇರೆ ಬೇರೆ ದಿಕ್ಕಿಗೆ ಹೊರಡ್ತವೆ.